ಇಸ್ತ್ರಿ ಪೆಟ್ಟಿಗೆ, ಫೆರಿಕ್ ಕ್ಲೋರೈಡ್ ಮತ್ತು 60 ಪಿನ್ನಿನ ಕ್ಯಾಸೆಟ್

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಅಂಗಡಿಗಳಲ್ಲಿ ‘ಟಿವಿ ವಿಡಿಯೋ ಗೇಮ್’ ಅಂತ ಮಾರುತ್ತಿದ್ದ ಪೆಟ್ಟಿಗೆಗಳಲ್ಲಿ ಬಹುಪಾಲು ಫ್ಯಾಮಿಕಾಮ್‌ನ ನಕಲುಗಳು. ಅಸಲಿ ಫ್ಯಾಮಿಕಾಮನ್ನು ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಟ್ಟಿತ್ತು. ನಕಲಿನ ಜೊತೆ ಬರುತ್ತಿದ್ದ ಹಳದಿ ಕ್ಯಾಸೆಟ್ಟನ್ನು ಬಿಚ್ಚಿ ನೋಡಿದವರಿಗೆ ನಿರಾಸೆಯೇ. ಚಿಪ್ಪು ಅಂತ ಏನೂ ಕಾಣುವುದಿಲ್ಲ. ಒಂದಿಷ್ಟು ಪಿಸಿಬಿ (ತಾಮ್ರದ ಗೆರೆಗಳಿರುವ ಸರ್ಕ್ಯೂಟ್ ಬೋರ್ಡು), ಅದರ ನಡುವೆ ಕಪ್ಪು ಎಪಾಕ್ಸಿ ಅಂಟಿನ ಒಂದು ಬೊಟ್ಟು. ಅದರೊಳಗೆ ಏನಿದೆಯೋ ಅದೇ ಆಟ. ಬದಲಾಯಿಸುವ ಹಾಗಿಲ್ಲ.

ನನಗೆ ಬೇಕಿದ್ದದ್ದು ಬದಲಾಯಿಸಬಹುದಾದ ಕ್ಯಾಸೆಟ್. ಬಿಡುವಿನಲ್ಲಿ ಅಸೆಂಬ್ಲಿ ಭಾಷೆಯಲ್ಲಿ ಒಂದು ಚೌಕಾಬಾರ ಬರೆದಿದ್ದೆ: 25 ಮನೆಯ ಪಟ, ನಾಲ್ಕು ಕವಡೆ, ಇಬ್ಬರು ಆಟಗಾರರು, ಪರದೆ ಮೇಲೆ ಕನ್ನಡ ಅಕ್ಷರ. ಆ ಪೆಟ್ಟಿಗೆಯನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಎಮ್ಯುಲೇಟರ್‌ನಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಅದನ್ನು ನಿಜವಾದ ಪೆಟ್ಟಿಗೆಯಲ್ಲಿ, ಹಳೇ ಟಿವಿಯಲ್ಲಿ ಆಡಬೇಕು ಅನ್ನುವ ಹಟಕ್ಕೆ ಈ ಬೋರ್ಡು ಮಾಡಿದ್ದು. ಹೊರಗೆ ಆರ್ಡರ್ ಕೊಟ್ಟು ತರಿಸಬಹುದಿತ್ತು. ಆದರೆ ಮೊದಲ ಬೋರ್ಡು ಮನೆಯಲ್ಲೇ ಆದರೆ ತಪ್ಪಿದ ಗೆರೆಯನ್ನು ಅದೇ ಸಂಜೆ ತಿದ್ದಬಹುದು, ಪಾರ್ಸೆಲ್‌ಗೆ ಕಾಯುವ ಕೆಲಸವಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಎಲೆಕ್ಟ್ರಾನಿಕ್ಸ್ ಭಾಗ ಮಕ್ಕಳಾಟ. ತಲೆ ತಿನ್ನುವುದೆಲ್ಲ ಬೋರ್ಡಿನ ಕೆಳ ಅಂಚು, ಅಂದರೆ ಸ್ಲಾಟಿನೊಳಗೆ ಹೋಗುವ ಆ 60 ತಾಮ್ರದ ಪಟ್ಟಿಗಳು. ಮುಂದೆ ಕನೆಕ್ಟರಿನ ಪಿನ್ನು ಅನ್ನುವುದು ಇವನ್ನೇ.

ಸರ್ಕ್ಯೂಟ್ ಯಾಕೆ ಸುಲಭ ಅಂದರೆ, ಫ್ಯಾಮಿಕಾಮ್ ತನ್ನ ಒಳಗಿನ ಎರಡು ಬಸ್ಸುಗಳನ್ನೂ (ಮಾಹಿತಿ ಓಡಾಡುವ ಗೆರೆಗಳ ಕಟ್ಟು) ಹಾಗೆಯೇ ಕ್ಯಾಸೆಟ್ಟಿನವರೆಗೆ ತಂದು ಬಿಟ್ಟಿದೆ. ಒಂದು ಸಿಪಿಯುವಿನದು, ಇನ್ನೊಂದು ಚಿತ್ರ ಬಿಡಿಸುವ ಪಿಪಿಯುವಿನದು. ಹಾಗಾಗಿ ಕ್ಯಾಸೆಟ್ಟಿನಲ್ಲಿ ಎರಡು ರೋಮ್ ಚಿಪ್ಪು (ಬರೆದಿಟ್ಟದ್ದನ್ನು ಓದಲು ಮಾತ್ರ ಕೊಡುವ ಮೆಮೊರಿ): ಪ್ರೋಗ್ರಾಮ್‌ಗೆ ಒಂದು, ಚಿತ್ರಗಳಿಗೆ ಒಂದು. ಇವೆರಡೇ ಇರುವ ಅತಿ ಸರಳ ಬೋರ್ಡಿಗೆ ಎನ್‌ರೋಮ್ ಅನ್ನುತ್ತಾರೆ. ಪ್ರೋಗ್ರಾಮ್ 32 ಕೆಬಿ, ಚಿತ್ರ 8 ಕೆಬಿ, ಅಲ್ಲಿಗೆ ಮುಗಿಯಿತು. ಕಡಿಮೆ ಅನ್ನಿಸಿದರೆ ನೆನಪಿರಲಿ, 1985ರ ಸೂಪರ್ ಮಾರಿಯೋ ಬ್ರದರ್ಸ್ ಪೂರ್ತಿ ಕೂತಿರುವುದು ಈ 40 ಕೆಬಿಯಲ್ಲೇ. ಲಾಜಿಕ್ ಚಿಪ್ಪು ಒಂದೂ ಬೇಡ. ಫ್ಯಾಮಿಕಾಮ್‌ನದೇ ರೂಪವಾಗಿ ಅಮೆರಿಕಕ್ಕೆ ಹೋದ 72 ಪಿನ್ನಿನ ಎನ್‌ಇಎಸ್‌ನಲ್ಲಿರುವ, ಕಂಪನಿ ಒಪ್ಪದ ಕ್ಯಾಸೆಟ್ಟನ್ನು ತಡೆಯುವ ಬೀಗದ ಚಿಪ್ಪಿನ ಕಾಟವೂ ಇಲ್ಲ. ಎರಡು ರೋಮ್, ಒಂದೊಂದಕ್ಕೆ 0.1 ಮೈಕ್ರೋಫ್ಯಾರಡ್‌ನ ಒಂದೊಂದು ಕೆಪಾಸಿಟರ್, ಅಷ್ಟೇ.

ಪ್ರೋಗ್ರಾಮ್ ರೋಮ್‌ಗೆ ಸಿಪಿಯುವಿನ ಎ0ಯಿಂದ ಎ14ರವರೆಗಿನ ಅಡ್ರೆಸ್ ಗೆರೆಗಳು (ಯಾವ ಬೈಟ್ ಬೇಕು ಅಂತ ಹೇಳುವವು), ಡಿ0ಯಿಂದ ಡಿ7ರವರೆಗಿನ ಡೇಟಾ ಗೆರೆಗಳು (ಆ ಬೈಟ್ ತರುವವು). ಚಿಪ್ಪನ್ನು ಎಚ್ಚರಿಸುವ ಚಿಪ್ ಎನೇಬಲ್ ಕಾಲು ಕನೆಕ್ಟರಿನ 44ನೇ ಪಿನ್ನಿಗೆ. ಅದು ರೋಮ್ ಸೆಲೆಕ್ಟ್, ಅಡ್ರೆಸ್ ಮೇಲಿನ ಅರ್ಧಕ್ಕೆ ಬಂದಾಗ ಪೆಟ್ಟಿಗೆಯೇ ಅದನ್ನು ಕೆಳಕ್ಕೆಳೆಯುತ್ತದೆ. ಡೇಟಾ ಹೊರಬಿಡಿಸುವ ಔಟ್‌ಪುಟ್ ಎನೇಬಲ್ ನೇರ ಗ್ರೌಂಡಿಗೆ. ಚಿತ್ರದ ರೋಮ್‌ಗೆ ಪಿಪಿಯು ಎ0ಯಿಂದ ಎ12, ಅದರದೇ ಡಿ0ಯಿಂದ ಡಿ7. ಇಲ್ಲಿ ಚಿಪ್ ಎನೇಬಲ್ ಹೋಗುವುದು ಪಿಪಿಯು ಎ13ಕ್ಕೆ, ಅಂದರೆ 56ನೇ ಪಿನ್ನಿಗೆ. ಔಟ್‌ಪುಟ್ ಎನೇಬಲ್ ಪಿಪಿಯು ರೀಡ್‌ಗೆ, 17ನೇ ಪಿನ್ನು. ಐದು ವೋಲ್ಟ್ 30 ಮತ್ತು 31ರಲ್ಲಿ, ಗ್ರೌಂಡ್ 1 ಮತ್ತು 16ರಲ್ಲಿ.

ಗೆರೆ ಎಳೆಯುವಾಗ ಒಂದು ವಿಷಯ ನೋಡಿ ಖುಷಿಯಾಯಿತು. ಕನೆಕ್ಟರಿನ 19ರಿಂದ 28ನೇ ಪಿನ್ನುಗಳು ಸಾಲಾಗಿ ಪಿಪಿಯು ಎ6, ಎ5, ಎ4 ಅಂತ ಎ0ವರೆಗೆ ಇಳಿದು, ಆಮೇಲೆ ಡಿ0, ಡಿ1, ಡಿ2. 28 ಕಾಲಿನ ಇಪ್ರೋಮ್‌ನ (ಅಳಿಸಿ ಮತ್ತೆ ಬರೆಯಬಹುದಾದ ರೋಮ್) ಎಡಗಡೆ 4ನೇ ಕಾಲಿನಿಂದ 13ನೇ ಕಾಲಿನವರೆಗೆ ನೋಡಿದರೆ ಅದೇ ಕ್ರಮ, ಒಂದೂ ಆಚೀಚೆ ಇಲ್ಲ. ಆ ಕಡೆ ಗೆರೆಗಳು ಒಂದನ್ನೊಂದು ದಾಟದೆ ಸಮಾನಾಂತರವಾಗಿ ಇಳಿಯುತ್ತವೆ. ಕೈಯಲ್ಲಿ ಬೋರ್ಡು ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಅಡ್ರೆಸ್ ಗೆರೆಗಳನ್ನು ಮನಸ್ಸಿಗೆ ಬಂದ ಹಾಗೆ ಅದಲುಬದಲು ಮಾಡಿ, ಅದಕ್ಕೆ ತಕ್ಕಂತೆ ಫೈಲಿನ ಬೈಟುಗಳನ್ನೂ ಕಲಸಿ ಬರೆದು ಕೆಲಸ ಇನ್ನೂ ಹಗುರ ಮಾಡಿಕೊಳ್ಳುವವರಿದ್ದಾರೆ. ಕೆಲಸ ಮಾಡುತ್ತದೆ, ನಿಜ. ನನಗೆ ಮಾತ್ರ ಬೇಡ ಅನ್ನಿಸಿತು. ಆರು ತಿಂಗಳ ಮೇಲೆ ಆ ಚಿಪ್ಪನ್ನು ತೆಗೆದು ಓದಿದಾಗ ಒಳಗಿರುವುದು ಏನು ಅಂತ ನನಗೇ ಗೊತ್ತಾಗಬಾರದು, ಹಾಗಿರುತ್ತದೆ.

ರೋಮ್‌ಗೆ ಸಂಬಂಧವೇ ಇಲ್ಲದ ಮೂರು ಜೋಡಣೆಗಳಿವೆ, ಹೊಸಬರು ಬಿಡುವುದು ಇವನ್ನೇ. 48 ಮತ್ತು 49ನೇ ಪಿನ್ನುಗಳನ್ನು ಒಂದಕ್ಕೊಂದು ಸೇರಿಸಬೇಕು. ಬಿಟ್ಟರೆ ಪೆಟ್ಟಿಗೆಯೊಳಗಿನ ವಿಡಿಯೋ ರ‍್ಯಾಮ್ ಎಚ್ಚರಗೊಳ್ಳುವುದಿಲ್ಲ, ಹಿನ್ನೆಲೆ ಪೂರ್ತಿ ಕಸ. 18ನೇ ಪಿನ್ನು ಪಿಪಿಯು ಎ10ಕ್ಕೋ ಎ11ಕ್ಕೋ ಹೋಗಬೇಕು. ಅಡ್ಡಡ್ಡ ಓಡುವ ಆಟಕ್ಕೆ ಎ10, ಮೇಲೆ ಕೆಳಗೆ ಓಡುವುದಕ್ಕೆ ಎ11. ಚೌಕಾಬಾರದ ಪಟ ಅಲ್ಲಾಡುವುದೇ ಇಲ್ಲವಾದ್ದರಿಂದ ಯಾವುದಾದರೂ ಸರಿ, ಆದರೂ ಮುಂದಕ್ಕಿರಲಿ ಅಂತ ಎರಡಕ್ಕೂ ಬೆಸುಗೆ ಹಾಕುವ ಪ್ಯಾಡ್ ಬಿಟ್ಟೆ. ಮೂರನೆಯದು 45 ಮತ್ತು 46. ಫ್ಯಾಮಿಕಾಮ್ ತನ್ನ ಸದ್ದನ್ನು ಒಮ್ಮೆ ಕ್ಯಾಸೆಟ್ಟಿಗೆ ಕಳಿಸಿ ವಾಪಸ್ ಪಡೆದು ಆಮೇಲೆ ಟಿವಿಗೆ ಕೊಡುತ್ತದೆ. ಕ್ಯಾಸೆಟ್ಟಿನಲ್ಲಿ ಹೆಚ್ಚುವರಿ ಸೌಂಡ್ ಚಿಪ್ಪಿದ್ದರೆ ಅದರ ಸದ್ದೂ ದಾರಿಯಲ್ಲಿ ಬೆರೆಯಲಿ ಅಂತ. ನಮ್ಮಲ್ಲಿ ಬೆರೆಸುವುದಕ್ಕೇನೂ ಇಲ್ಲ, ಸುಮ್ಮನೆ ಎರಡನ್ನೂ ಕೂಡಿಸಿದರೆ ಸಾಕು. ಕೂಡಿಸದಿದ್ದರೆ ಆಟವೆಲ್ಲ ಸರಿಯಿದ್ದು ಟಿವಿ ಮಾತ್ರ ಮೂಕ. ಸ್ಪೀಕರ್ ಕೆಟ್ಟಿದೆ ಅಂತ ಟಿವಿ ಬಿಚ್ಚಲು ಹೊರಡುವುದು ಆಗಲೇ.

ಚಿಪ್ಪಿನ ಆಯ್ಕೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹುಡುಕಿದರೆ ಹಳೆಯ 27ಸಿ256 ಇಪ್ರೋಮ್‌ಗಳು ಸಿಗುತ್ತವೆ, ಯಾವುದೋ ಯಂತ್ರದಿಂದ ಕಿತ್ತವು. ಮೇಲೆ ಗಾಜಿನ ಕಿಟಕಿ, ಅಳಿಸುವುದಕ್ಕೆ ಯುವಿ ದೀಪ. ಡೇಟಾಶೀಟಿನ ಪ್ರಕಾರ 15ರಿಂದ 20 ನಿಮಿಷ. ಆ ದೀಪವನ್ನು ಬರಿಗಣ್ಣಿನಿಂದ ನೋಡಲೇಬಾರದು, ಮುಚ್ಚಿದ ಡಬ್ಬಿಯೊಳಗೇ ಉರಿಯಬೇಕು. ನಾನು ಬಳಸಿದ್ದು ವಿನ್‌ಬಾಂಡ್‌ನ ಡಬ್ಲ್ಯೂ27ಸಿ512. ಕಿಟಕಿ ಇಲ್ಲ, ಚಿಪ್ಪಿಗೆ ಬರೆಯುವ ಪ್ರೋಗ್ರಾಮರ್ ಉಪಕರಣದಲ್ಲೇ 14 ವೋಲ್ಟ್ ಕೊಟ್ಟು ಅಳಿಸಬಹುದು, ವೇಗವೂ ಬೇಕಾದ್ದಕ್ಕಿಂತ ಜಾಸ್ತಿ. ಆಟ ತಿದ್ದುತ್ತಾ ಮತ್ತೆ ಮತ್ತೆ ಬರೆಯುವವರಿಗೆ ಇದೇ ಸರಿ. ಮೇಲಿನ ಅಚ್ಚನ್ನು ಉಜ್ಜಿ ಬೇರೆ ಹೆಸರು ಹೊಡೆದ ಚಿಪ್ಪುಗಳೂ ಮಾರುಕಟ್ಟೆಯಲ್ಲಿ ಓಡಾಡುತ್ತಿರುವುದರಿಂದ ಬೆಸುಗೆಗೆ ಮೊದಲು ಪ್ರೋಗ್ರಾಮರ್‌ನಲ್ಲಿ ಐಡಿ ಓದಿಸಿ ನೋಡುವುದು ಒಳ್ಳೆಯದು.

ಇದು 64 ಕೆಬಿ ಚಿಪ್ಪು, ನಮಗೆ ಬೇಕಿರುವುದು 32 ಮತ್ತು 8. ಇಲ್ಲಿ ಒಂದು ಚಂದದ ಅನುಕೂಲ ಇದೆ. 27ಸಿ256ರಲ್ಲಿ 1ನೇ ಕಾಲು ಪ್ರೋಗ್ರಾಮಿಂಗ್ ವೋಲ್ಟೇಜಿನದು, ಓದುವಾಗ ಅದು 5 ವೋಲ್ಟಿಗೆ ಹೋಗಬೇಕು. ದೊಡ್ಡ ಚಿಪ್ಪಿನಲ್ಲಿ ಅದೇ ಕಾಲು ಎ15. ಬೋರ್ಡಿನಲ್ಲಿ ಅದನ್ನು 5 ವೋಲ್ಟಿಗೆ ಕಟ್ಟಿದರೆ ಎರಡೂ ಚಿಪ್ಪು ಕೂರುತ್ತವೆ. ದೊಡ್ಡದರಲ್ಲಿ ಮೇಲಿನ ಅರ್ಧಕ್ಕೆ ಪ್ರೋಗ್ರಾಮ್ ಬರೆದರಾಯಿತು. ಚಿತ್ರದ ರೋಮ್ ಕಡೆ ಇನ್ನೂ ಸಲೀಸು. 1, 26, 27 ಮೂರೂ ಕಾಲುಗಳನ್ನು 5 ವೋಲ್ಟಿಗೆ ಕಟ್ಟಿದರೆ ಅಲ್ಲಿ 27ಸಿ64 ನಡೆಯುತ್ತದೆ, 27ಸಿ256 ನಡೆಯುತ್ತದೆ, 512 ನಡೆಯುತ್ತದೆ, 28ಸಿ64 ಮತ್ತು 28ಸಿ256 ಇಇಪ್ರೋಮ್‌ಗಳೂ ನಡೆಯುತ್ತವೆ. ದೊಡ್ಡ ಚಿಪ್ಪಾದರೆ ಚಿತ್ರ ಇರಬೇಕಾದದ್ದು ಕೊನೆಯ 8 ಕೆಬಿಯಲ್ಲಿ. ಪ್ರೋಗ್ರಾಮ್ ಕಡೆ 28ಸಿ256 ಹಾಕುವವರು ಮಾತ್ರ ಎಚ್ಚರ: ಅದರಲ್ಲಿ ಎ14 ಇರುವುದು 1ನೇ ಕಾಲಿನಲ್ಲಿ, 27ನೆಯದು ರೈಟ್ ಎನೇಬಲ್. ಅದಕ್ಕೆ ಬೇರೆ ಜಂಪರ್ (ಜೋಡಣೆ ಬದಲಿಸುವ ತುಂಡು ತಂತಿ) ಬೇಕು.

ಈಗ ಅಂಚಿನ ವಿಚಾರ. ಹಳೇ ಕ್ಯಾಸೆಟ್ಟಿನ ಪಿಸಿಬಿಯನ್ನು ವರ್ನಿಯರ್‌ನಲ್ಲಿ ಹಿಡಿದರೆ 1.2 ಮಿಮೀ ದಪ್ಪ. ಅಂಗಡಿಯಲ್ಲಿ ಕೇಳಿದ ಕಡೆಯೆಲ್ಲ ಕೊಡುವ ತಾಮ್ರದ ಹಾಳೆ 1.6 ಮಿಮೀ. ತುರುಕಿದರೆ ಹೋಗುತ್ತದೆ, ಹೋಗುವುದೇ ತೊಂದರೆ. ಸ್ಲಾಟಿನ ಸ್ಪ್ರಿಂಗುಗಳು ಅಗಲಕ್ಕೆ ತೆರೆದುಕೊಂಡು ಹಾಗೇ ನಿಂತುಬಿಡುತ್ತವೆ, ಆಮೇಲೆ ಹಳೆಯ ಕ್ಯಾಸೆಟ್ಟುಗಳು ಸಡಿಲ. ಮೂವತ್ತು ವರ್ಷ ಉಳಿದ ಪೆಟ್ಟಿಗೆಯ ಮೇಲೆ ಆ ಪ್ರಯೋಗ ಬೇಡ. 1.2 ಮಿಮೀ, ಎರಡೂ ಬದಿ ತಾಮ್ರ ಇರುವ ಗ್ಲಾಸ್ ಎಪಾಕ್ಸಿ ಹಾಳೆಯನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಕಂದು ಬಣ್ಣದ ಪೇಪರ್ ಫಿನಾಲಿಕ್ ಹಾಳೆ ಅಗ್ಗ, ಆದರೆ ಅಂಚು ಪುಡಿಯುದುರುತ್ತದೆ.

ಎರಡನೆಯದು ಅಂತರ. ಫ್ಯಾಮಿಕಾಮ್‌ನ ಪಟ್ಟಿಗಳ ನಡುವೆ 2.54 ಮಿಮೀ, ಎನ್‌ಇಎಸ್‌ನಲ್ಲಿ 2.5. ನೋಡಲು ಏನೂ ವ್ಯತ್ಯಾಸ ಇಲ್ಲ ಅನ್ನಿಸುತ್ತದೆ. ಲೆಕ್ಕ ಹಾಕಿ: ಮೊದಲ ಪಟ್ಟಿಯ ನಡುವಿನಿಂದ ಮೂವತ್ತನೆಯದರ ನಡುವಿಗೆ 73.66 ಮಿಮೀ ಇರಬೇಕಾದ್ದು 2.5ರ ಲೆಕ್ಕದಲ್ಲಿ 72.5 ಆಗುತ್ತದೆ. ಒಂದು ತುದಿ ಸರಿ ಕೂತರೆ ಇನ್ನೊಂದು ತುದಿ ಹತ್ತಿರತ್ತಿರ ಅರ್ಧ ಪಿನ್ನು ಆಚೆ. ಹಾಗಾಗಿ ಬೋರ್ಡು ಬಿಡಿಸುವ ಕಿಕ್ಯಾಡ್ ತಂತ್ರಾಂಶದಲ್ಲಿ ಯಾರದೋ ಫುಟ್‌ಪ್ರಿಂಟ್ (ಪಟ್ಟಿಗಳ ಸಿದ್ಧ ನಕ್ಷೆ) ತೆಗೆದುಕೊಂಡರೂ ಈ ಒಂದು ಅಳತೆ ನೀವೇ ನೋಡಿಕೊಳ್ಳಿ. ಪ್ರಿಂಟರ್ ಇನ್ನೂ ಕಿಲಾಡಿ. ‘ಪುಟಕ್ಕೆ ಹೊಂದಿಸು’ ಅನ್ನುವ ಟಿಕ್ ಉಳಿದು ನೂರಕ್ಕೆ ಮೂರರಷ್ಟು ಕುಗ್ಗಿದರೂ ಕೊನೆಯ ಪಟ್ಟಿ 2.2 ಮಿಮೀ ಜಾರಿರುತ್ತದೆ, ಅಂದರೆ ಹೆಚ್ಚುಕಡಿಮೆ ಪಕ್ಕದ ಪಿನ್ನಿನ ಮೇಲೇ. ಪ್ರಿಂಟ್ ತೆಗೆದ ಕೂಡಲೇ ಸ್ಟೀಲ್ ಸ್ಕೇಲ್ ಇಟ್ಟು 73.66 ಇದೆಯಾ ನೋಡಿ, ಆಮೇಲೆ ಮುಂದಿನ ಮಾತು. ಹಳೇ ಕ್ಯಾಸೆಟ್ಟಿನ ಬೋರ್ಡನ್ನು ಪ್ರಿಂಟಿನ ಮೇಲಿಟ್ಟು ಪಟ್ಟಿಗೆ ಪಟ್ಟಿ ಹೊಂದಿಸಿ ನೋಡುವುದು ಅದಕ್ಕಿಂತ ಸುಲಭ.

ಟೋನರ್ ವರ್ಗಾವಣೆಗೆ, ಅಂದರೆ ಪ್ರಿಂಟಿನ ಗೆರೆಗಳನ್ನು ಇಸ್ತ್ರಿಯ ಬಿಸಿಯಲ್ಲಿ ತಾಮ್ರಕ್ಕೆ ಇಳಿಸುವುದಕ್ಕೆ, ಲೇಸರ್ ಪ್ರಿಂಟರೇ ಆಗಬೇಕು, ಇಂಕ್‌ಜೆಟ್ ಕೆಲಸಕ್ಕೆ ಬಾರದು. ಕಾಗದ ಅಂದರೆ ಮ್ಯಾಗಜೀನಿನ ನುಣುಪು ಹಾಳೆ. ಮೇಲ್ಬದಿಯ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪ್ರಿಂಟ್ ಮಾಡಬೇಕು. ಎರಡು ಬದಿ ಹೊಂದಿಸುವುದಕ್ಕೆ ಎರಡೂ ಪ್ರಿಂಟುಗಳನ್ನು ಮುಖಾಮುಖಿ ಇಟ್ಟು, ಬೆಳಕಿಗೆ ಹಿಡಿದು, ಮೂಲೆಯ ಗುರುತುಗಳಿಗೆ ಸೂಜಿ ಚುಚ್ಚಿ, ಮೂರು ಕಡೆ ಅಂಟಿಸಿ ಲಕೋಟೆಯ ಹಾಗೆ ಮಾಡಿಕೊಂಡೆ. ಉಜ್ಜಿ ತೊಳೆದ ತಾಮ್ರದ ಹಾಳೆ ಅದರೊಳಗೆ ಜಾರಿತು. ಇಸ್ತ್ರಿ ಪೆಟ್ಟಿಗೆ ಪೂರ್ತಿ ಬಿಸಿಗೆ, ಸ್ಟೀಮ್ ಬಂದ್. ಎಳೆದಾಡದೆ ಒತ್ತಿ ಹಿಡಿಯಬೇಕು, ಕೊನೆಯಲ್ಲಿ ಅಂಚುಗಳಿಗೆ ಪೆಟ್ಟಿಗೆಯ ತುದಿಯಿಂದ ಒಂದು ಸುತ್ತು. ನೀರಲ್ಲಿ ನೆನೆಸಿ ಹೆಬ್ಬೆರಳಿನಿಂದ ಕಾಗದ ತಿಕ್ಕಿ ತೆಗೆದಾಗ ಪಟ್ಟಿಗಳ ನಡುವೆ ನಾರು ಉಳಿದಿದ್ದರೆ ಹಳೇ ಹಲ್ಲುಜ್ಜುವ ಬ್ರಶ್. ಬಿಟ್ಟಲ್ಲಿ ಪರ್ಮನೆಂಟ್ ಮಾರ್ಕರ್‌ನಿಂದ ತೇಪೆ.

ಎಚ್ಚಿಂಗ್, ಅಂದರೆ ಟೋನರ್ ಇಲ್ಲದ ಕಡೆಯ ತಾಮ್ರವನ್ನು ಕರಗಿಸುವುದು, ಎಲ್ಲರಿಗೂ ಗೊತ್ತಿರುವುದೇ. ಪ್ಲಾಸ್ಟಿಕ್ ತಟ್ಟೆ, ಫೆರಿಕ್ ಕ್ಲೋರೈಡ್, ಕೈಗವಸು, ಕನ್ನಡಕ, ಕಿಟಕಿ ತೆರೆದಿರಲಿ. ಪುಡಿಯನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು. ಕರಗುವಾಗಲೇ ಚೆನ್ನಾಗಿ ಬಿಸಿಯಾಗುತ್ತದೆ. ತಟ್ಟೆಯನ್ನು ಬಿಸಿನೀರಿನ ಇನ್ನೊಂದು ತಟ್ಟೆಯಲ್ಲಿಟ್ಟು ಅಲ್ಲಾಡಿಸುತ್ತಿದ್ದರೆ ಬೇಗ ತಿನ್ನುತ್ತದೆ. ಅಡುಗೆಮನೆಯ ಗ್ರಾನೈಟ್ ಮೇಲೆ ಚೆಲ್ಲಿದರೆ ಆ ಕಲೆಗೂ ನಿಮಗೂ ಜೀವನಪೂರ್ತಿ ನಂಟು. ಬಳಸಿದ ದ್ರಾವಣದಲ್ಲಿ ತಾಮ್ರ ಇರುವುದರಿಂದ ಮೋರಿಗೆ ಸುರಿಯಬೇಡಿ. ಬಾಟಲಿಯಲ್ಲಿಟ್ಟು ಮತ್ತೆ ಬಳಸಬಹುದು. ಸತ್ತ ಮೇಲೆ ಬಟ್ಟೆ ಸೋಡಾ ಹಾಕಿ ನೊರೆ ನಿಂತು ಕೆಸರು ಕೂರುವವರೆಗೆ ಬಿಟ್ಟು, ಆ ಕೆಸರನ್ನು ಒಣಗಿಸಿ ಬೇರೆ ಇಡುವುದು ನನ್ನ ರೂಢಿ.

ತೂತು 0.8 ಮಿಮೀ. ಮನೆಯ ಬೋರ್ಡಿನಲ್ಲಿ ತೂತಿನೊಳಗೆ ತಾಮ್ರ ಲೇಪನ ಇರುವುದಿಲ್ಲ, ಆದ್ದರಿಂದ ಮೇಲಿನ ಗೆರೆ ಕೆಳಗೆ ಹೋಗಬೇಕಾದ ಕಡೆಯೆಲ್ಲ ಒಂದು ತಂತಿ ತೂರಿಸಿ ಎರಡೂ ಬದಿ ಬೆಸೆಯಬೇಕು. ಚಿಪ್ಪಿನ ಕಾಲನ್ನೇ ಮೇಲ್ಬದಿಯಲ್ಲೂ ಬೆಸೆಯುವ ದಾರಿ ಇದೆ, ಆದರೆ ಚಿಪ್ಪಿನ ಹೊಟ್ಟೆಯಡಿ ಬೆಸುಗೆ ಕಡ್ಡಿಯ ಮೊನೆ ತೂರುವುದು ತ್ರಾಸ. ಅದಕ್ಕೇ ಡಿಸೈನಿನಲ್ಲಿಯೇ ಮೇಲ್ಬದಿಯ ಯಾವ ಗೆರೆಯೂ ನೇರ ಕಾಲಿಗೆ ಹೋಗದಂತೆ ನೋಡಿಕೊಂಡೆ. ಎಲ್ಲವೂ ಮೊದಲು ತಂತಿಯ ತೂತಿಗೆ, ಅಲ್ಲಿಂದ ಕೆಳಗೆ. ಗೆರೆ ಉದ್ದವಾಯಿತು, ಬೆಸುಗೆ ನೆಮ್ಮದಿಯಾಯಿತು.

ಫೈಲ್ ಒಡೆಯುವುದು ನಿಮಿಷದ ಕೆಲಸ. ಎಮ್ಯುಲೇಟರ್‌ಗೆ ಕೊಡುವ ಫೈಲಿನ ಮೊದಲ 16 ಬೈಟ್ ಬರೀ ತಲೆಬರಹ, ಚಿಪ್ಪಿಗೆ ಬೇಡ. ಆಮೇಲಿನ 32,768 ಬೈಟ್ ಪ್ರೋಗ್ರಾಮ್, ಉಳಿದ 8,192 ಚಿತ್ರ. ಪ್ರೋಗ್ರಾಮ್ 16 ಕೆಬಿ ಮಾತ್ರ ಇದ್ದರೆ ಎರಡು ಸಲ ಬೆನ್ನಿಗೆ ಬೆನ್ನು ಬರೆಯಿರಿ. ಸಿಪಿಯು ಎದ್ದ ಕೂಡಲೇ ಎಲ್ಲಿಗೆ ಹಾರಬೇಕು ಅನ್ನುವುದು ಕೊನೆಯ ಆರು ಬೈಟ್‌ಗಳಲ್ಲಿ ಇರುತ್ತದೆ, ಅದು ಅಡ್ರೆಸ್ಸಿನ ತುತ್ತತುದಿಯಲ್ಲಿ ಸಿಗಲೇಬೇಕು.

ಕರೆಂಟ್ ಕೊಡುವ ಮೊದಲು 31 ಮತ್ತು 1ರ ನಡುವೆ ಮಲ್ಟಿಮೀಟರ್ ಇಟ್ಟು ಶಾರ್ಟ್ ಇಲ್ಲ ಅಂತ ನೋಡಿಕೊಂಡೆ. ಬರೀ ಬೋರ್ಡಿಗೆ ಮುಂದು ಹಿಂದು ತಿಳಿಯುವುದಿಲ್ಲ, ಮಾರ್ಕರ್‌ನಲ್ಲಿ ‘ಮುಂದೆ’ ಅಂತ ಬರೆದಿಟ್ಟುಕೊಳ್ಳಿ. ಪಿನ್ನಿನ ನಕ್ಷೆ ನೋಡಿದರೆ 30 ಮತ್ತು 31 ಕರ್ಣದ ಎರಡು ತುದಿಗಳು. ಉಲ್ಟಾ ಹಾಕಿದರೂ 5 ವೋಲ್ಟಿಗೆ 5 ವೋಲ್ಟೇ ಸಿಗುತ್ತದೆ. ಆದರೆ ಗ್ರೌಂಡ್ ಹೋಗಿ ಪಿಪಿಯು ಡಿ4 ಮತ್ತು ಸದ್ದಿನ ಗೆರೆಯ ಮೇಲೆ ಕೂರುತ್ತದೆ, ಆದ್ದರಿಂದ ತಮಾಷೆಗೂ ಪರೀಕ್ಷಿಸುವುದು ಬೇಡ.

ಆನ್ ಮಾಡಿದಾಗ ಚೌಕಾಬಾರದ ಪಟ ಬಂತು, ಸದ್ದೂ ಬಂತು, ಅಕ್ಷರಗಳು ಮಾತ್ರ ವಿಚಿತ್ರ. ಪ್ರತಿ ಅಕ್ಷರದ ಕೆಳ ಅರ್ಧದಲ್ಲಿ ಎರಡು ಗಟ್ಟಿ ಲಂಬ ಗೆರೆ. ಮೇಲಿನ ಅರ್ಧದಲ್ಲಿ ಅದೇ ಜಾಗದಲ್ಲಿ ಅಕ್ಷರವೇ ಮಾಯವಾಗಿ ಸೀಳು. ಖಾಲಿ ಜಾಗ ಸ್ವಚ್ಛ. ಇಂಥ ದೋಷ ತನ್ನ ವಿಳಾಸವನ್ನು ತಾನೇ ಬರೆದುಕೊಟ್ಟಿರುತ್ತದೆ, ಓದಿಕೊಳ್ಳಬೇಕಷ್ಟೆ. ಪಿಪಿಯು ಚಿತ್ರವನ್ನು 8×8 ಚುಕ್ಕೆಗಳ ತುಣುಕುಗಳಾಗಿ ಓದುತ್ತದೆ, ಒಂದು ಬೈಟ್ ಅಂದರೆ ಒಂದು ಸಾಲಿನ ಎಂಟು ಚುಕ್ಕೆ, ಎಡ ತುದಿಯದು ಡಿ7. ಗೆರೆ ಇದ್ದದ್ದು ಪ್ರತಿ ತುಣುಕಿನಲ್ಲೂ ಎಡದಿಂದ ಮೂರನೆಯ ಚುಕ್ಕೆಯ ಜಾಗದಲ್ಲಿ. ಅಂದರೆ ಡಿ5. ಮತ್ತೆ ಮೇಲೆ ಸೀಳು, ಕೆಳಗೆ ಗೆರೆ ಯಾಕೆ? ಪಿಪಿಯು ಅಡ್ರೆಸ್ಸಿನ ಕೆಳ ಎಂಟು ಬಿಟ್‌ಗಳನ್ನೂ ಡೇಟಾವನ್ನೂ ಸರದಿಯಂತೆ ತನ್ನ ಅದೇ ಎಂಟು ಕಾಲುಗಳ ಮೇಲೆ ಸಾಗಿಸುತ್ತದೆ. ರೋಮ್‌ನ ಡಿ5 ಬಿಟ್ಟುಹೋಗಿದ್ದರೆ ಆ ಗೆರೆಯ ಮೇಲೆ ಹಿಂದಿನ ಕ್ಷಣದ ಅಡ್ರೆಸ್ಸಿನ 5ನೇ ಬಿಟ್ ಹಾಗೇ ಉಳಿದು ಅದನ್ನೇ ಡೇಟಾ ಅಂತ ಓದಿಕೊಳ್ಳುತ್ತದೆ. ಒಂದು ತುಣುಕಿಗೆ 16 ಬೈಟ್ ಆದ್ದರಿಂದ ಅಡ್ರೆಸ್ಸಿನ 5ನೇ ಬಿಟ್ ಅಂದರೆ ತುಣುಕಿನ ಸಂಖ್ಯೆಯ 1ನೇ ಬಿಟ್. ನನ್ನ ಕನ್ನಡ ಅಕ್ಷರಗಳು 16×16, ಒಂದಕ್ಕೆ ನಾಲ್ಕು ತುಣುಕು. ಕ್ರಮ ಮೇಲೆ ಎಡ, ಮೇಲೆ ಬಲ, ಕೆಳಗೆ ಎಡ, ಕೆಳಗೆ ಬಲ. 0 ಮತ್ತು 1ರಲ್ಲಿ ಆ ಬಿಟ್ ಸೊನ್ನೆ, 2 ಮತ್ತು 3ರಲ್ಲಿ ಒಂದು. ಪರದೆಯ ಮೇಲೆ ಕಂಡದ್ದು ಸರಿಯಾಗಿ ಅದೇ. ಹಳೆಯ ಯುಎ6538 ಪಿಪಿಯು ಬೇರೆಯಾಗಿ ಕೂತಿರುವ ಪೆಟ್ಟಿಗೆ ನನ್ನದು. ಎಲ್ಲ ಒಂದೇ ಚಿಪ್ಪಿನಲ್ಲಿ ತುಂಬಿದ ಈಚಿನ ನಕಲುಗಳಲ್ಲಿ ಲಕ್ಷಣ ಬೇರೆ ಥರ ಇರಬಹುದು.

ಡಿ5 ಅಂದರೆ ಕನೆಕ್ಟರಿನ 59, ಚಿಪ್ಪಿನ 17ನೇ ಕಾಲು. ಮೇಜಿನ ಮೇಲೆ ಮಲ್ಟಿಮೀಟರ್ ಬೀಪ್ ಅನ್ನುತ್ತದೆ! ಬೋರ್ಡನ್ನು ಸ್ವಲ್ಪ ಬಗ್ಗಿಸಿದರೆ ಬೀಪ್ ಇಲ್ಲ. ಭೂತಗನ್ನಡಿಯಲ್ಲಿ ನೋಡಿದಾಗ ಪಟ್ಟಿ ಮುಗಿದು ಸಣ್ಣ ಗೆರೆ ಶುರುವಾಗುವ ಜಾಗದಲ್ಲಿ ಕೂದಲೆಳೆಯ ಬಿರುಕು. ಸ್ಲಾಟಿನ ಒತ್ತಡಕ್ಕೆ ಅದು ಬಾಯಿ ಬಿಡುತ್ತಿತ್ತು. ಮೇಲೆ ಬೆಸುಗೆ ಸುರಿದರೆ ಮತ್ತೆ ಬಿಡುತ್ತದೆ. ಹಲವು ಎಳೆಯ ವೈರಿನಿಂದ ಒಂದೇ ಒಂದು ಎಳೆ ತೆಗೆದು ಬಿರುಕಿನ ಮೇಲೆ ಉದ್ದಕ್ಕೆ ಮಲಗಿಸಿ ಬೆಸೆದೆ. ಅಕ್ಷರ ಸರಿಯಾಯಿತು. ಡಿಸೈನಿನಲ್ಲಿ ಆ ಜಾಗದ ಗೆರೆಗಳನ್ನೆಲ್ಲ ಅಗಲ ಮಾಡಿ, ಪಟ್ಟಿಯಿಂದ ನಿಧಾನಕ್ಕೆ ಕಿರಿದಾಗುವಂತೆ ತಿದ್ದಿಟ್ಟಿದ್ದೇನೆ.

ಪಟ್ಟಿಗಳ ಮುಗಿಕೆ ಬಗ್ಗೆ ಒಂದಿಷ್ಟು. ಬರಿಯ ತಾಮ್ರ ಕೆಲವೇ ವಾರದಲ್ಲಿ ಕಪ್ಪಾಗುತ್ತದೆ. ಬೆಸುಗೆ ಬಳಿದರೆ ಉಬ್ಬು ತಗ್ಗು, ಆ ಉಬ್ಬು ಸ್ಪ್ರಿಂಗಿಗೆ ಕೆಟ್ಟದ್ದು. ನಾನು ಫ್ಲಕ್ಸ್ ಹಚ್ಚಿ, ತೆಳ್ಳಗೆ ಬೆಸುಗೆ ಓಡಿಸಿ, ಕೂಡಲೇ ಡಿಸೋಲ್ಡರ್ ಬತ್ತಿಯಿಂದ ಎಳೆದು ತೆಗೆದೆ. ಬೆಳ್ಳಿಯ ಬಣ್ಣ ಉಳಿಯುತ್ತದೆ, ದಪ್ಪ ಉಳಿಯುವುದಿಲ್ಲ. ಸ್ಲಾಟಿಗೆ ಹೋಗುವ ಅಂಚನ್ನು ನುಣುಪು ಅರದಿಂದ ಎರಡೂ ಬದಿ ಓರೆ ಮಾಡಿದ್ದೇನೆ, ಯಾವಾಗಲೂ ತಾಮ್ರದಿಂದ ಹೊರಕ್ಕೆ ಉಜ್ಜಿ; ಉಲ್ಟಾ ಉಜ್ಜಿದರೆ ಪಟ್ಟಿ ಎದ್ದು ಬರುತ್ತದೆ. ಇಷ್ಟಾದರೂ ಇದು ದಿನಾ ಹಾಕಿ ತೆಗೆಯುವ ಬೋರ್ಡಲ್ಲ. ಫ್ಯಾಕ್ಟರಿಯಲ್ಲಿ ಮಾಡಿಸಿದರೂ ಸಾಮಾನ್ಯ ಚಿನ್ನದ ಲೇಪನ ತೀರಾ ತೆಳು, ಬೆಸುಗೆಗೆಂದೇ ಇರುವಂಥದ್ದು. ಸ್ಲಾಟಿಗೆ ಹೋಗುವ ಅಂಚಿಗೆ ಬೇಕಾದ ಗಟ್ಟಿ ಚಿನ್ನ ಬೇರೆ, ಅದರ ದರವೂ ಬೇರೆ. ಯಾರಿಗಾದರೂ ಕೊಡುವ ಕ್ಯಾಸೆಟ್ ಆದರೆ ಆ ದುಡ್ಡು ಕೊಡುವುದೇ ಮೇಲು, 1.2 ಮಿಮೀ ಅಂತ ನಮೂದಿಸಲು ಮರೆಯಬೇಡಿ, ಇಲ್ಲದಿದ್ದರೆ ಅಲ್ಲಿಂದಲೂ 1.6 ಬರುತ್ತದೆ.

ಎಮ್ಯುಲೇಟರ್‌ನಲ್ಲಿ ಕಾಣದ ಒಂದು ವ್ಯತ್ಯಾಸವೂ ಸಿಕ್ಕಿತು. ನಮ್ಮ ಪೆಟ್ಟಿಗೆಗಳು ಪಾಲ್ (ನಮ್ಮಲ್ಲಿನ ಟಿವಿ ಪದ್ಧತಿ) ಟಿವಿಗೆ ಮಾಡಿದವು, ಸೆಕೆಂಡಿಗೆ 50 ಫ್ರೇಮ್. ಕವಡೆ ಉರುಳುವ ಚಿತ್ರವನ್ನು 60ರ ಲೆಕ್ಕದಲ್ಲಿ ಬರೆದಿದ್ದರೆ ಇಲ್ಲಿ ಆರಕ್ಕೆ ಐದರ ವೇಗಕ್ಕೆ ಇಳಿಯುತ್ತದೆ. ಸಂಗೀತದ ಲಯವೂ ನಿಧಾನ, ಸ್ವರದ ಎತ್ತರ ಮಾತ್ರ ಹೆಚ್ಚುಕಡಿಮೆ ಹಾಗೇ. ಮೆಸೆನ್ ಎಮ್ಯುಲೇಟರ್‌ನಲ್ಲಿ ಡೆಂಡಿ ಅಂತ ಒಂದು ರೀಜನ್ ಇದೆ, ನಮ್ಮ ಪೆಟ್ಟಿಗೆಗಳಿಗೆ ಹತ್ತಿರದ್ದು ಅದೇ. ಅದರಲ್ಲಿ ನೋಡಿಕೊಂಡು ವೇಗ ತಿದ್ದಿದೆ.

ಇನ್ನು ಕವಚ. ಕೆಟ್ಟ ಹಳದಿ ಕ್ಯಾಸೆಟ್ಟಿನ ಹೊರ ಡಬ್ಬಿಯನ್ನೇ ಬಳಸಿದ್ದು. ಸಾಕೆಟ್ ಮೇಲೆ ಕೂತ ಚಿಪ್ಪು ಒಳಗೆ ಹಿಡಿಯಲಿಲ್ಲ, ಮುಚ್ಚಳ ಕೂರುವುದಿಲ್ಲ. ಚಿತ್ರದ ರೋಮ್ ಇನ್ನು ಬದಲಾಗುವುದಿಲ್ಲವಾದ್ದರಿಂದ ಅದನ್ನು ನೇರ ಬೋರ್ಡಿಗೆ ಬೆಸೆದೆ. ಪ್ರೋಗ್ರಾಮಿನದು ಇನ್ನೂ ತಿದ್ದುವುದಿದೆ, ಹಣ್ಣಾದ ಕಾಯಿಯನ್ನೂ ಕಡಿಯಲು ಬಿಡುವ ಒಂದು ಬಗ್ ಉಳಿದುಕೊಂಡಿದೆ. ಅದಕ್ಕೆ ಸಾಕೆಟ್ ಉಳಿಸಿ, ಅದರ ನೇರಕ್ಕೆ ಹಿಂದಿನ ಮುಚ್ಚಳದಲ್ಲಿ ಆಯತಾಕಾರದ ಕಿಂಡಿ ಕೊರೆದಿದ್ದೇನೆ. ಚಿಪ್ಪು ಕಿಂಡಿಯಿಂದ ಒಂದಿಷ್ಟು ಹೊರಗೆ ಇಣುಕುತ್ತದೆ, ಸ್ಲಾಟಿಗೆ ತಾಗುವುದಿಲ್ಲ.